ನಡುವೆ ಒಂದು ಗೆರೆ ಎಳೆದರೆ ಸಾಕು

ಕಂಪ್ಯೂಟರಿಗೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದು ಕಪ್ಪು ಪರದೆ ನೋಡಿದ ಕೂಡಲೇ ಇದು ನಮಗಲ್ಲ ಅಂತ ಮುಚ್ಚಿಬಿಡುವವರೇ ಜಾಸ್ತಿ. ನೂರಾರು ಕಮಾಂಡ್ ಬಾಯಿಪಾಠ ಮಾಡಬೇಕೇನೋ ಅನ್ನೋ ಭಯ. ನಿಜಕ್ಕೂ ಮೊದಲು ಕಲಿಯಬೇಕಾದದ್ದು ಎರಡು ಕಮಾಂಡ್‌ಗಳ ನಡುವೆ ಹಾಕುವ ಒಂದು ನೆಟ್ಟನೆಯ ಗೆರೆ (|). ಮೊದಲ ಕಮಾಂಡ್ ಕೊಟ್ಟದ್ದನ್ನು ಮುಂದಿನದಕ್ಕೆ ಸಾಗಿಸುವ ಅದಕ್ಕೆ ಪೈಪ್ ಅಂತಾರೆ.

ಒಂದು ದೊಡ್ಡ ಕನ್ನಡ ಫೈಲಿನಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಅಂತ ತಿಳಿಯಬೇಕು ಅಂದುಕೊಳ್ಳಿ. ಆ್ಯಪ್ ಹುಡುಕಬೇಕಿಲ್ಲ, ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಬೇಕಾದದ್ದೆಲ್ಲ ಮೊದಲೇ ಇದೆ. ‘ಕ್ಯಾಟ್’ ಫೈಲನ್ನು ಓದಿ ಮುಂದಕ್ಕೆ ಕೊಡುತ್ತದೆ, ‘ಟಿಆರ್’ ಪದಗಳ ನಡುವಿನ ಖಾಲಿ ಜಾಗವನ್ನು ಹೊಸ ಸಾಲಾಗಿ ಬದಲಿಸುತ್ತದೆ, ‘ಸಾರ್ಟ್’ ಒಂದೇ ಪದಗಳನ್ನು ಒಟ್ಟಿಗೆ ತರುತ್ತದೆ, ‘ಯುನಿಕ್’ (uniq -c) ಎಣಿಸುತ್ತದೆ, ಇನ್ನೊಂದು ಸಾರ್ಟ್ (sort -rn) ದೊಡ್ಡ ಸಂಖ್ಯೆಯನ್ನು ಮೇಲಕ್ಕೆ ತರುತ್ತದೆ, ‘ಹೆಡ್’ ಮೊದಲ 10 ಸಾಲು ತೋರಿಸಿ ನಿಲ್ಲುತ್ತದೆ. ಎಲ್ಲ ಒಂದೇ ಸಾಲಿನಲ್ಲಿ, ನಡುನಡುವೆ ಪೈಪ್.

ಎಣಿಸುವ ಮೊದಲು ಸಾರ್ಟ್ ಯಾಕೆ? ಯುನಿಕ್‌ಗೆ ನೆನಪಿರುವುದು ಹಿಂದಿನ ಒಂದೇ ಸಾಲು. ಈಗ ಬಂದದ್ದು ಅದೇನಾ, ಬೇರೆಯಾ ಅಂತ ಮಾತ್ರ ನೋಡುತ್ತದೆ. ಪದಗಳು ಚದುರಿದ್ದರೆ ಲೆಕ್ಕ ಕೆಡುತ್ತದೆ. ಇದು ಕೊರತೆ ಅನಿಸಬಹುದು, ನನಗಂತೂ ಇದೇ ಇಷ್ಟ. ಫೈಲು ಎಷ್ಟೇ ಉದ್ದವಿರಲಿ, ಯುನಿಕ್ ತಿನ್ನುವ ಮೆಮೊರಿ ಬೆಳೆಯುವುದಿಲ್ಲ. ಜೋಡಿಸುವ ಕಷ್ಟ ಸಾರ್ಟ್‌ನದು, ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ.

1964ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್, ತೋಟದ ನೀರಿನ ಪೈಪಿಗೆ ಇನ್ನೊಂದು ತುಂಡು ಸಿಕ್ಕಿಸುವ ಹಾಗೆ ಪ್ರೋಗ್ರಾಮ್‌ಗಳನ್ನೂ ಸಿಕ್ಕಿಸುವಂತಿರಬೇಕು ಅಂತ ಬರೆದಿಟ್ಟಿದ್ದರು. ಅವರು ವರ್ಷಗಟ್ಟಲೆ ಬೆನ್ನು ಬಿದ್ದ ಮೇಲೆ, 1973ರಲ್ಲಿ ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಅಲ್ಲಿನ ಆಪರೇಟಿಂಗ್ ಸಿಸ್ಟಮ್ ಆದ ಯುನಿಕ್ಸ್‌ಗೆ ಸೇರಿಸಿದರು.

ಪೈಪ್ ಹಾಕಿದ ಸಾಲಿನಲ್ಲಿ ಒಂದು ಕಮಾಂಡ್ ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆ ಅಂದುಕೊಳ್ಳಬೇಡಿ, ಎಲ್ಲವೂ ಒಟ್ಟಿಗೇ ಶುರುವಾಗುತ್ತವೆ. ಪೈಪ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮೆಮೊರಿಯಲ್ಲಿ ಕೊಡುವ ಪುಟ್ಟ ಜಾಗ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 64 ಕೆಬಿ. ಅದು ತುಂಬಿದರೆ ಬರೆಯುವ ಪ್ರೋಗ್ರಾಮ್ ಕಾಯುತ್ತದೆ, ಖಾಲಿಯಾದರೆ ಓದುವ ಪ್ರೋಗ್ರಾಮ್ ಕಾಯುತ್ತದೆ. ಹೆಡ್ ತನ್ನ 10 ಸಾಲು ಮುಗಿಸಿ ಹೊರಟ ಮೇಲೂ ಸಾರ್ಟ್ ಬರೆಯಲು ಹೋದರೆ, ಕರ್ನಲ್ ಅದಕ್ಕೊಂದು ಸಿಗ್ನಲ್ ಕಳಿಸಿ ಅಲ್ಲೇ ನಿಲ್ಲಿಸುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ!

ಮಾಡಿ ನೋಡುವಾಗ ಇಡೀ ಸಾಲನ್ನು ಒಂದೇ ಸಲ ಟೈಪ್ ಮಾಡಬೇಡಿ. ಮೊದಲು ಟಿಆರ್‌ವರೆಗೆ ಓಡಿಸಿ, ಏನು ಬಂತು ನೋಡಿ. ಆಮೇಲೆ ಮೇಲಿನ ಬಾಣದ ಕೀ ಒತ್ತಿ ಅದೇ ಸಾಲನ್ನು ಮತ್ತೆ ತಂದು, ಕೊನೆಗೆ ಪೈಪ್ ಹಾಕಿ ಸಾರ್ಟ್ ಸೇರಿಸಿ. ಮೂಲ ಫೈಲಿಗೆ ಏನೂ ಆಗುವುದಿಲ್ಲ. ‘ಮನೆ’ ಒಂದು ಪದ, ಕಾಮಾ ಅಂಟಿಕೊಂಡ ‘ಮನೆ,’ ಇನ್ನೊಂದು ಪದ ಅಂತ ಎಣಿಸಿರುವುದು ಆಗ ಕಣ್ಣಿಗೆ ಬೀಳುತ್ತದೆ. ಕಾಮಾ ತೆಗೆಯಲು ಸಾರ್ಟ್‌ಗೆ ಮುಂಚೆ ಇನ್ನೊಂದು ಟಿಆರ್ ಸಿಕ್ಕಿಸಿ.