ಮಹಾನಿರ್ದೇಶಕರ ಕುರ್ಚಿಗೆ ಒಮ್ಮತದ ಬೀಗ: ಡಬ್ಲ್ಯುಟಿಒ ಮುಖ್ಯಸ್ಥರ ಆಯ್ಕೆ ನಡೆದು ಬಂದ ದಾರಿ

ಕರ್ನಾಟಕದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಡಂಕೆಲ್ ಎಂಬ ಹೆಸರು ಕೇಳದ ರೈತರು ಕಡಿಮೆ. ಸ್ವಿಟ್ಜರ್ಲೆಂಡಿನ ಆರ್ಥರ್ ಡಂಕೆಲ್ 1980ರಿಂದ 1993ರವರೆಗೆ ಜಿನೀವಾದಲ್ಲಿ ಗ್ಯಾಟ್‌ನ, ಅಂದರೆ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದದ, ಮಹಾನಿರ್ದೇಶಕರಾಗಿದ್ದರು. ವಿಶ್ವ ವ್ಯಾಪಾರದ ನಿಯಮಗಳನ್ನು ಹೊಸದಾಗಿ ಬರೆಯಲು ನಡೆದಿದ್ದ ಉರುಗ್ವೆ ಸುತ್ತಿನ ಮಾತುಕತೆ 1990ರ ಡಿಸೆಂಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಕೃಷಿ ಸಬ್ಸಿಡಿಯ ಜಗಳಕ್ಕೆ ಮುರಿದುಬಿತ್ತು. ಒಂದು ವರ್ಷ ಕಾದ ಡಂಕೆಲ್, 1991ರ ಡಿಸೆಂಬರ್ 20ರಂದು ಐನೂರು ಪುಟಗಳಿಗೆ ಹತ್ತಿರದ ಕರಡೊಂದನ್ನು ಸದಸ್ಯ ರಾಷ್ಟ್ರಗಳ ಮುಂದಿಟ್ಟರು. ರಾಷ್ಟ್ರಗಳು ಒಪ್ಪಿದ್ದ ಕಡೆ ಆ ಒಪ್ಪಿಗೆಯನ್ನೇ ಬರೆದಿದ್ದರು, ಒಪ್ಪದ ಕಡೆ ಮಧ್ಯದ ದಾರಿಯನ್ನು ಹುಡುಕಿ ಬರೆಯಲಾಗಿತ್ತು. ನಮ್ಮಲ್ಲಿ ಡಂಕೆಲ್ ಪ್ರಸ್ತಾವ ಎಂದು ಹೆಸರಾದದ್ದು ಇದೇ. ಬೀಜದ ಹಕ್ಕು ಕೈತಪ್ಪುತ್ತದೆ ಎಂದು ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದಲ್ಲಿ ರಾಜ್ಯ ರೈತ ಸಂಘ ಬೀದಿಗಿಳಿಯಿತು. 1992ರ ಡಿಸೆಂಬರ್‌ನಲ್ಲಿ ಹಸಿರು ಶಾಲಿನವರು ಬೆಂಗಳೂರಿನಲ್ಲಿ ಅಮೆರಿಕದ ಬೀಜ ಕಂಪನಿ ಕಾರ್ಗಿಲ್‌ನ ಕಚೇರಿಗೆ ನುಗ್ಗಿದರು. ಮುಂದಿನ ಜುಲೈನಲ್ಲಿ ಅದೇ ಕಂಪನಿಯ ಬಳ್ಳಾರಿಯ ಬೀಜ ಘಟಕದ ಸರದಿ ಬಂತು.

ಆ ಹುದ್ದೆಯಲ್ಲಿ ಕೂತವರು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇನ್ನೊಂದಿಲ್ಲ. ಕರಡು ಬರೆಯುವ ಲೇಖನಿ ಅವರ ಕೈಗೆ ಬರಬಹುದು, ಆದರೆ ಸಹಿ ಹಾಕುವ ಅಧಿಕಾರ ಎಂದೂ ಬರುವುದಿಲ್ಲ. 1995ರ ಜನವರಿ 1ರಂದು ಗ್ಯಾಟ್‌ನ ಜಾಗಕ್ಕೆ ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯುಟಿಒ, ಬಂದ ಮೇಲೂ ಈ ವ್ಯವಸ್ಥೆ ಬದಲಾಗಲಿಲ್ಲ. ಸಂಸ್ಥೆಯನ್ನು ಹುಟ್ಟುಹಾಕಿದ ಮರಕೇಶ್ ಒಪ್ಪಂದದ 6ನೇ ವಿಧಿಯ ಪ್ರಕಾರ ಮಹಾನಿರ್ದೇಶಕರು ಸಚಿವಾಲಯದ ಮುಖ್ಯಸ್ಥರು, ಯಾವ ಸರ್ಕಾರದಿಂದಲೂ ಆದೇಶ ಪಡೆಯುವಂತಿಲ್ಲ. ಸಭೆಯಲ್ಲಿ ಅವರಿಗೆ ಮತವಿಲ್ಲ, ನಿಯಮ ಮುರಿದ ದೇಶವನ್ನು ದಂಡಿಸುವ ಹಕ್ಕೂ ಇಲ್ಲ. ಇರುವ ಅಧಿಕಾರಗಳು ಸಣ್ಣವು, ಆದರೆ ಸಮಯಕ್ಕೆ ಸರಿಯಾಗಿ ಬಳಸಿದರೆ ತೂಕದವು. 2001ರಲ್ಲಿ ಶುರುವಾದ ದೋಹಾ ಸುತ್ತಿನ ಮಾತುಕತೆಯ ಕಾಲದಿಂದ ವ್ಯಾಪಾರ ಮಾತುಕತೆಗಳ ಸಮಿತಿಯ ಅಧ್ಯಕ್ಷರು ಅವರೇ. ಇಪ್ಪತ್ತು ಮೂವತ್ತು ಪ್ರಮುಖ ದೇಶಗಳನ್ನಷ್ಟೇ ಒಂದು ಕೋಣೆಗೆ ಕರೆದು ಕೂರಿಸಿ ಮಾತನಾಡಿಸುವವರೂ ಅವರೇ. ಎರಡು ದೇಶಗಳ ವ್ಯಾಜ್ಯದಲ್ಲಿ ವಿಚಾರಣಾ ಸಮಿತಿ ರಚನೆಗೆ ತೀರ್ಮಾನವಾಗಿ 20 ದಿನ ಕಳೆದರೂ ಅದರ ಸದಸ್ಯರು ಯಾರೆಂದು ಒಪ್ಪಂದವಾಗದಿದ್ದರೆ, ಒಂದು ದೇಶ ಕೇಳಿಕೊಂಡರೆ ಸಾಕು, ಮಹಾನಿರ್ದೇಶಕರೇ 10 ದಿನದೊಳಗೆ ಹೆಸರುಗಳನ್ನು ನಿಗದಿ ಮಾಡುತ್ತಾರೆ. ಉಪ ಮಹಾನಿರ್ದೇಶಕರನ್ನು ನೇಮಿಸುವವರೂ ಅವರೇ. ಆ ಹುದ್ದೆಗಳಲ್ಲಿ ಒಂದನ್ನು 2005ರಿಂದ 2013ರವರೆಗೆ ಭಾರತದ ಹರ್ಷವರ್ಧನ ಸಿಂಗ್ ನಿರ್ವಹಿಸಿದ್ದರು.

ಗ್ಯಾಟ್ ಕಾಲದಲ್ಲಿ ಆಯ್ಕೆಯ ವಿಚಾರ ಸುದ್ದಿಯಾಗುತ್ತಲೇ ಇರಲಿಲ್ಲ. ಬ್ರಿಟನ್ನಿನ ಎರಿಕ್ ವಿಂಡಮ್ ವೈಟ್ 1948ರಿಂದ 1968ರವರೆಗೆ, ನಂತರ ಸ್ವಿಸ್ ಪ್ರಜೆ ಒಲಿವಿಯೆ ಲಾಂಗ್, ಆಮೇಲೆ ಡಂಕೆಲ್, ಕೊನೆಗೆ ಐರ್ಲೆಂಡಿನ ಪೀಟರ್ ಸದರ್‌ಲೆಂಡ್. ಎಲ್ಲರೂ ಯುರೋಪಿನವರು. ದೊಡ್ಡ ದೇಶಗಳು ತಮ್ಮೊಳಗೆ ಮಾತಾಡಿಕೊಂಡರೆ ಮುಗಿಯುತ್ತಿತ್ತು.

ಜಗಳ ಶುರುವಾದದ್ದು ಡಬ್ಲ್ಯುಟಿಒ ಹುಟ್ಟಿದ ವರ್ಷವೇ. ಅಮೆರಿಕ ಮೆಕ್ಸಿಕೊದ ಮಾಜಿ ಅಧ್ಯಕ್ಷ ಕಾರ್ಲೋಸ್ ಸಲಿನಾಸ್ ಅವರ ಬೆನ್ನಿಗೆ ನಿಂತಿತು, ಯುರೋಪ್ ಇಟಲಿಯ ರೆನಾಟೊ ರುಗ್ಗಿಯೆರೊ ಅವರನ್ನು ಮುಂದಿಟ್ಟಿತು, ಏಷ್ಯಾದಿಂದ ಕೊರಿಯಾದ ಕಿಮ್ ಚುಲ್‌ಸು ಇದ್ದರು. ಅಷ್ಟರಲ್ಲಿ ಮೆಕ್ಸಿಕೊದ ಪೆಸೊ ಕುಸಿಯಿತು, ಫೆಬ್ರುವರಿ ಕೊನೆಯಲ್ಲಿ ಸಲಿನಾಸ್ ಅವರ ಅಣ್ಣನ ಬಂಧನವಾಯಿತು, ಅವರು ಕಣದಿಂದ ಹಿಂದೆ ಸರಿದರು. ಒಂದೇ ಅವಧಿ, ಮುಂದಿನವರು ಯುರೋಪಿನವರಾಗಿರಬಾರದು ಎಂಬ ಷರತ್ತಿನ ಮೇಲೆ ಅಮೆರಿಕ ರುಗ್ಗಿಯೆರೊ ಅವರನ್ನು ಒಪ್ಪಿತು. ಕಿಮ್ ಅವರಿಗೆ ಉಪ ಮಹಾನಿರ್ದೇಶಕ ಹುದ್ದೆ ಸಿಕ್ಕಿತು. ಇದ್ಯಾವುದೂ ಲಿಖಿತ ನಿಯಮದಲ್ಲಿ ಇರಲಿಲ್ಲ, ಎಲ್ಲವೂ ಆ ಹೊತ್ತಿನ ರಾಜಿ.

ರಾಜಿಯ ಬೆಲೆ 1999ರಲ್ಲಿ ಗೊತ್ತಾಯಿತು. ನ್ಯೂಜಿಲೆಂಡಿನ ಮಾಜಿ ಪ್ರಧಾನಿ ಮೈಕ್ ಮೂರ್ ಮತ್ತು ಥಾಯ್ಲೆಂಡಿನ ಸುಪಾಚಾಯ್ ಪಾನಿಚ್‌ಪಕ್ಡಿ ನಡುವೆ ಸದಸ್ಯ ರಾಷ್ಟ್ರಗಳು ಹೆಚ್ಚುಕಮ್ಮಿ ಸಮಸಮನಾಗಿ ಒಡೆದವು. ಅಮೆರಿಕ ಮೂರ್ ಕಡೆಗಿತ್ತು, ಜಪಾನ್ ಮತ್ತು ಆಗ್ನೇಯ ಏಷ್ಯಾದ ದೇಶಗಳು ಸುಪಾಚಾಯ್ ಕಡೆಗಿದ್ದವು. ಬೆಂಬಲವನ್ನು ಹೇಗೆ ಅಳೆಯಬೇಕು, ಅಳೆದ ಮೇಲೆ ಹಿಂದೆ ಬಿದ್ದವರು ಏನು ಮಾಡಬೇಕು ಎಂಬುದಕ್ಕೆ ನಿಯಮವೇ ಇರಲಿಲ್ಲ. ಏಪ್ರಿಲ್ 30ಕ್ಕೆ ರುಗ್ಗಿಯೆರೊ ಅವಧಿ ಮುಗಿದು ಕುರ್ಚಿ ನಾಲ್ಕು ತಿಂಗಳು ಖಾಲಿ ಬಿತ್ತು. ಜುಲೈನಲ್ಲಿ ಹೊಳೆದ ಪರಿಹಾರ ಆರು ವರ್ಷಗಳನ್ನು ಇಬ್ಬರಿಗೂ ಹಂಚುವುದು: ಮೊದಲ ಮೂರು ವರ್ಷ ಮೂರ್, ಮುಂದಿನ ಮೂರು ವರ್ಷ ಸುಪಾಚಾಯ್. ಮೂರ್ ಅಧಿಕಾರ ವಹಿಸಿಕೊಂಡದ್ದು ಸೆಪ್ಟೆಂಬರ್ 1ರಂದು, ಅಮೆರಿಕದ ಸಿಯಾಟಲ್‌ನಲ್ಲಿ ಸಚಿವರ ಸಮ್ಮೇಳನ ಶುರುವಾದದ್ದು ನವೆಂಬರ್ 30ರಂದು. ಹೊಸಬರೊಬ್ಬರಿಗೆ ಅಷ್ಟು ದೊಡ್ಡ ಸಭೆಗೆ ಕರಡು ಸಿದ್ಧಪಡಿಸಲು ಮೂರೇ ತಿಂಗಳು. ಸಿಯಾಟಲ್ ವಿಫಲವಾಗಲು ಬೀದಿಯ ಪ್ರತಿಭಟನೆಯೇ ಕಾರಣ ಎಂದು ಬಹಳ ಮಂದಿ ನಂಬಿದ್ದಾರೆ. ಒಳಗೆ ಮೇಜಿನ ಮೇಲೆ ಒಪ್ಪಬಹುದಾದ ಕರಡೇ ಇರಲಿಲ್ಲ ಎಂಬುದು ಅಷ್ಟೇ ದೊಡ್ಡ ಕಾರಣ, ಖಾಲಿ ಕುರ್ಚಿಯ ತಿಂಗಳುಗಳಿಗೂ ಅದರಲ್ಲಿ ಪಾಲಿದೆ.

ಈ ಪೆಟ್ಟು ತಿಂದ ಮೇಲೆ, 2002ರ ಡಿಸೆಂಬರ್ 10ರಂದು ಎಲ್ಲ ಸದಸ್ಯ ರಾಷ್ಟ್ರಗಳೂ ಕೂರುವ ಸಾಮಾನ್ಯ ಮಂಡಳಿ ಒಂದು ಕಾರ್ಯವಿಧಾನವನ್ನು ಬರಹಕ್ಕಿಳಿಸಿತು. ಇಂದಿಗೂ ನಡೆಯುತ್ತಿರುವುದು ಅದೇ. ಹಾಲಿ ಮಹಾನಿರ್ದೇಶಕರ ಅವಧಿ ಮುಗಿಯಲು ಒಂಬತ್ತು ತಿಂಗಳಿರುವಾಗ ಪ್ರಕ್ರಿಯೆ ಶುರುವಾಗಬೇಕು. ಮೊದಲ ಒಂದು ತಿಂಗಳು ನಾಮನಿರ್ದೇಶನಕ್ಕೆ. ಹೆಸರು ಸೂಚಿಸುವ ಹಕ್ಕು ಸದಸ್ಯ ರಾಷ್ಟ್ರಗಳಿಗೆ ಮಾತ್ರ, ಅದೂ ತಮ್ಮ ಪ್ರಜೆಯನ್ನು ಮಾತ್ರ. ಎಂಥ ಸಮರ್ಥರಿದ್ದರೂ ತಮ್ಮ ಸರ್ಕಾರದ ಕೃಪೆಯಿಲ್ಲದಿದ್ದರೆ ಕಣಕ್ಕೇ ಬರಲಾಗದು. ಈ ನಿಯಮದ ದೊಡ್ಡ ದೋಷ ಇದು ಎಂಬುದು ನಮ್ಮ ಅಭಿಪ್ರಾಯ. ಮುಂದಿನ ಮೂರು ತಿಂಗಳು ಅಭ್ಯರ್ಥಿಗಳು ರಾಜಧಾನಿಗಳನ್ನು ಸುತ್ತಿ, ಜಿನೀವಾದ ರಾಯಭಾರಿಗಳ ಪ್ರಶ್ನೆಗೆ ಉತ್ತರಿಸಿ, ತಮ್ಮನ್ನು ಪರಿಚಯಿಸಿಕೊಳ್ಳಬೇಕು. ಉಳಿದ ಎರಡು ತಿಂಗಳು ಆಯ್ಕೆಗೆ. ಅವಧಿ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ ತೀರ್ಮಾನವಾಗಬೇಕು. ಅವಧಿ ನಾಲ್ಕು ವರ್ಷ, ಒಮ್ಮೆ ಮಾತ್ರ ಮುಂದುವರಿಸಬಹುದು.

ಆಯ್ಕೆಯ ಎರಡು ತಿಂಗಳು ನಡೆಯುವುದು ಗುಟ್ಟಿನಲ್ಲಿ. ಸಾಮಾನ್ಯ ಮಂಡಳಿಯ ಅಧ್ಯಕ್ಷರು, ವ್ಯಾಜ್ಯ ಪರಿಹಾರ ಮಂಡಳಿಯ ಅಧ್ಯಕ್ಷರು, ವ್ಯಾಪಾರ ನೀತಿ ಪರಿಶೀಲನಾ ಮಂಡಳಿಯ ಅಧ್ಯಕ್ಷರು, ಈ ಮೂವರು ಒಂದು ಕೋಣೆಯಲ್ಲಿ ಕೂರುತ್ತಾರೆ. ರಾಯಭಾರಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ದೇಶದ ಆದ್ಯತೆ ತಿಳಿಸಿ ಹೋಗುತ್ತಾರೆ. ಯಾರು ಬೇಕು ಎಂದು ಹೇಳಬಹುದು, ಯಾರು ಬೇಡ ಎನ್ನುವಂತಿಲ್ಲ. ಮೂವರು ನೋಡುವುದು ಹೆಸರುಗಳಿಗೆ ಬಂದ ಬೆಂಬಲದ ಸಂಖ್ಯೆಯನ್ನಷ್ಟೇ ಅಲ್ಲ, ಆ ಬೆಂಬಲ ಎಷ್ಟು ಖಂಡಗಳಿಂದ ಬಂತು, ಶ್ರೀಮಂತ ದೇಶ, ಅಭಿವೃದ್ಧಿಶೀಲ ದೇಶ, ಅತಿ ಬಡ ದೇಶ ಎಲ್ಲವುಗಳಲ್ಲೂ ಹರಡಿದೆಯೇ ಎಂಬುದನ್ನೂ ನೋಡುತ್ತಾರೆ. ಲೆಕ್ಕ ಹೊರಗೆ ಬರುವುದಿಲ್ಲ. ಸುತ್ತು ಮುಗಿದಾಗ ಹಿಂದೆ ಬಿದ್ದವರ ಹೆಸರನ್ನು ಪ್ರಕಟಿಸುತ್ತಾರೆ, ಅವರು ಹಿಂದೆ ಸರಿಯಬೇಕೆಂಬುದು ನಿಯಮದ ನಿರೀಕ್ಷೆ. ಕೊನೆಯಲ್ಲಿ ಉಳಿದ ಒಂದು ಹೆಸರನ್ನು ಸಾಮಾನ್ಯ ಮಂಡಳಿ ಒಮ್ಮತದಿಂದ ಒಪ್ಪಬೇಕು. ಒಮ್ಮತ ಸಾಧ್ಯವೇ ಇಲ್ಲದಾಗ ಮತದಾನ ನಡೆಸಬಹುದು, ಆದರೆ ಅದು ಕಟ್ಟಕಡೆಯ ಉಪಾಯ, ಮುಂದಕ್ಕೆ ಮಾದರಿಯಾಗಬಾರದು ಎಂದೂ ಅದೇ ನಿಯಮ ಹೇಳುತ್ತದೆ.

2005ರಲ್ಲಿ ನಾಲ್ವರು ಅಭ್ಯರ್ಥಿಗಳ ನಡುವಿನಿಂದ ಫ್ರಾನ್ಸಿನ ಪಾಸ್ಕಲ್ ಲಾಮಿ ಆರಿಸಿಬಂದರು. 2013ರಲ್ಲಿ ಒಂಬತ್ತು ಮಂದಿ ಐವರಾದರು, ಐವರು ಇಬ್ಬರಾದರು, ಮೆಕ್ಸಿಕೊದ ಎರ್ಮಿನಿಯೊ ಬ್ಲಾಂಕೊ ಸೋಲೊಪ್ಪಿಕೊಂಡರು, ಬ್ರೆಜಿಲ್‌ನ ರಾಬರ್ಟೊ ಅಜೆವೇದೊ ಗೆದ್ದರು. ಹಿಂದೆ ಬಿದ್ದವರು ಹಿಂದೆ ಸರಿಯುವವರೆಗೆ ಈ ಯಂತ್ರ ಸರಾಗವಾಗಿಯೇ ಓಡಿತು.

2020ರಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಆ ಹೊತ್ತಿಗೆ ಸಂಸ್ಥೆಯೇ ಕಾಯಿಲೆ ಬಿದ್ದಿತ್ತು. ವ್ಯಾಪಾರ ವ್ಯಾಜ್ಯಗಳ ಅಂತಿಮ ನ್ಯಾಯಪೀಠವಾದ ಮೇಲ್ಮನವಿ ಮಂಡಳಿಯಲ್ಲಿ ಏಳು ಸದಸ್ಯರಿರಬೇಕು, ಒಂದು ಪ್ರಕರಣ ಕೇಳಲು ಮೂವರು ಬೇಕು. ಮಂಡಳಿ ತನ್ನ ವ್ಯಾಪ್ತಿ ಮೀರಿ ತೀರ್ಪು ಕೊಡುತ್ತಿದೆ ಎಂಬುದು ಅಮೆರಿಕದ ಹಳೆಯ ದೂರು. ಒಬಾಮ ಕಾಲದಲ್ಲೇ ಒಬ್ಬ ಸದಸ್ಯರ ಮರುನೇಮಕ ತಡೆದಿದ್ದ ಅಮೆರಿಕ, 2017ರಿಂದ ಎಲ್ಲ ನೇಮಕಗಳಿಗೂ ಅಡ್ಡ ನಿಂತಿತು. 2019ರ ಡಿಸೆಂಬರ್ 10ಕ್ಕೆ ಇಬ್ಬರ ಅವಧಿ ಮುಗಿದು ಒಬ್ಬರೇ ಉಳಿದರು, ಮಂಡಳಿ ನಿಂತುಹೋಯಿತು. ಮರುವರ್ಷ ಮೇ 14ರಂದು ಅಜೆವೇದೊ ಅವಧಿಗೆ ಒಂದು ವರ್ಷ ಮೊದಲೇ, ಆಗಸ್ಟ್ 31ಕ್ಕೆ ಹುದ್ದೆ ಬಿಡುವುದಾಗಿ ಹೇಳಿದರು. ಒಂಬತ್ತು ತಿಂಗಳ ಪ್ರಕ್ರಿಯೆಗೆ ಸಿಕ್ಕದ್ದು ಮೂರೂವರೆ ತಿಂಗಳು.

ಜುಲೈ 8ಕ್ಕೆ ಎಂಟು ಹೆಸರುಗಳು ಬಂದವು: ಮೆಕ್ಸಿಕೊ, ನೈಜೀರಿಯಾ, ಈಜಿಪ್ಟ್, ಮಾಲ್ಡೋವ, ದಕ್ಷಿಣ ಕೊರಿಯಾ, ಕೀನ್ಯಾ, ಸೌದಿ ಅರೇಬಿಯಾ, ಬ್ರಿಟನ್. ತಾತ್ಕಾಲಿಕ ಮುಖ್ಯಸ್ಥರು ಯಾರು ಎಂಬ ಪ್ರಶ್ನೆ ಮೊದಲು ಎದ್ದಿತು. ನಾಲ್ವರು ಉಪ ಮಹಾನಿರ್ದೇಶಕರಲ್ಲಿ ಒಬ್ಬರನ್ನು ಸಾಮಾನ್ಯ ಮಂಡಳಿ ಹೆಸರಿಸಬೇಕೆಂದು ನಿಯಮವಿದೆ, ಹೆಸರಿಸಲು ಆಗದಿದ್ದರೆ ಏನು ಎಂಬುದಿಲ್ಲ. ತನ್ನ ದೇಶದ ಆಲನ್ ವುಲ್ಫ್ ಆಗಬೇಕೆಂದು ಅಮೆರಿಕ ಪಟ್ಟು ಹಿಡಿಯಿತು, ಉಳಿದವರು ಒಪ್ಪಲಿಲ್ಲ, ಜುಲೈ 31ರ ಸಭೆ ಬರಿಗೈಯಲ್ಲಿ ಮುಗಿಯಿತು. ಸೆಪ್ಟೆಂಬರ್‌ನಿಂದ ನಾಲ್ವರೂ ಕೂಡಿ ಕಚೇರಿ ನಡೆಸಿದರು.

ಸೆಪ್ಟೆಂಬರ್ 7ರಿಂದ 16ರವರೆಗೆ ಮೊದಲ ಸುತ್ತು, ಪ್ರತಿ ದೇಶ ನಾಲ್ಕು ಹೆಸರು ಹೇಳಬಹುದಿತ್ತು. ಎರಡನೇ ಸುತ್ತಿನಲ್ಲಿ ಎರಡು ಹೆಸರು. ಕೊನೆಯ ಸುತ್ತು ಅಕ್ಟೋಬರ್ 19ರಿಂದ 27ರವರೆಗೆ, ಆಗ ಒಂದೇ ಹೆಸರು. ಉಳಿದಿದ್ದವರು ನೈಜೀರಿಯಾದ ಮಾಜಿ ಹಣಕಾಸು ಸಚಿವೆ ಎನ್‌ಗೋಜಿ ಒಕೊಂಜೊ-ಇವಾಲಾ ಮತ್ತು ಕೊರಿಯಾದ ವ್ಯಾಪಾರ ಸಚಿವೆ ಯೂ ಮ್ಯುಂಗ್-ಹಿ. ಅಕ್ಟೋಬರ್ 28ರಂದು ಸಾಮಾನ್ಯ ಮಂಡಳಿಯ ಅಧ್ಯಕ್ಷ, ನ್ಯೂಜಿಲೆಂಡಿನ ಡೇವಿಡ್ ವಾಕರ್, ಒಕೊಂಜೊ-ಇವಾಲಾ ಅವರಿಗೆ ಹೆಚ್ಚು ವ್ಯಾಪಕ ಬೆಂಬಲವಿದೆ ಎಂದು ಪ್ರಕಟಿಸಿದರು. ಅಮೆರಿಕ ಎದ್ದು ನಿಂತು ಒಪ್ಪುವುದಿಲ್ಲ ಎಂದಿತು. ವ್ಯಾಪಾರ ಮಾತುಕತೆಯಲ್ಲಿ ನೇರ ಅನುಭವ ಇರುವವರೇ ಬೇಕು ಎಂಬುದು ಅದು ಕೊಟ್ಟ ಕಾರಣ. ಯೂ ಹಿಂದೆ ಸರಿಯಲಿಲ್ಲ. ನವೆಂಬರ್ 9ರ ಸಭೆ ಕೋವಿಡ್ ನಿರ್ಬಂಧದ ಕಾರಣಕ್ಕೆ ಮುಂದೂಡಲ್ಪಟ್ಟಿತು. ಅಮೆರಿಕದಲ್ಲಿ ಸರ್ಕಾರ ಬದಲಾಗಿ, 2021ರ ಫೆಬ್ರುವರಿ 5ರಂದು ಯೂ ಹಿಂದೆ ಸರಿದು, ಬೈಡನ್ ಸರ್ಕಾರ ಅದೇ ದಿನ ಬೆಂಬಲ ಘೋಷಿಸಿದ ಮೇಲೆಯೇ ಬಾಗಿಲು ತೆರೆಯಿತು. ಫೆಬ್ರುವರಿ 15ರಂದು ನೇಮಕ, ಮಾರ್ಚ್ 1ರಂದು ಅಧಿಕಾರ ಸ್ವೀಕಾರ. ಆ ಹುದ್ದೆಗೆ ಬಂದ ಮೊದಲ ಮಹಿಳೆ, ಮೊದಲ ಆಫ್ರಿಕನ್ ಅವರು. ಮುಖ್ಯಸ್ಥರಿಲ್ಲದ ಆ ಆರು ತಿಂಗಳಲ್ಲಿ ಮೀನುಗಾರಿಕೆ ಸಬ್ಸಿಡಿ ಒಪ್ಪಂದದ 2020ರ ಗಡುವು ದಾಟಿತು. ಕೋವಿಡ್ ಔಷಧ, ಲಸಿಕೆಗಳ ಪೇಟೆಂಟ್ ನಿಯಮ ಸಡಿಲಿಸಿ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಅಕ್ಟೋಬರ್ 2ರಂದು ಇಟ್ಟ ಬೇಡಿಕೆಯೂ ಇತ್ಯರ್ಥವಾಗದೆ ಉಳಿಯಿತು.

ಅಂದು 164 ಸದಸ್ಯರಿದ್ದರು. ಮರಕೇಶ್ ಒಪ್ಪಂದದ 9ನೇ ವಿಧಿ ಮತದಾನಕ್ಕೆ ಅವಕಾಶ ಕೊಡುತ್ತದೆ, ಮತಕ್ಕೆ ಹಾಕಿದ್ದರೆ ಒಕೊಂಜೊ-ಇವಾಲಾ ಗೆಲ್ಲುವುದರಲ್ಲಿ ಅನುಮಾನವಿರಲಿಲ್ಲ. ಆದರೂ ಯಾರೂ ಮತದಾನಕ್ಕೆ ಹೋಗಲಿಲ್ಲ. ಅಮೆರಿಕವನ್ನು ಎದುರು ಹಾಕಿಕೊಳ್ಳುವ ಭಯ ಒಂದು ಕಾರಣ. ಇನ್ನೊಂದು ಕಾರಣವನ್ನು ನಾವು ಭಾರತೀಯರು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು: ಒಮ್ಮತದ ಬೀಗದ ಕೀಲಿ ನಮ್ಮ ಕೈಯಲ್ಲೂ ಇದೆ, ಅದನ್ನು ಕಳೆದುಕೊಳ್ಳಲು ನಮಗೆ ಇಷ್ಟವಿಲ್ಲ. ಸಭೆಯಲ್ಲಿ ಹಾಜರಿರುವ ಯಾವ ಸದಸ್ಯರೂ ಔಪಚಾರಿಕವಾಗಿ ಆಕ್ಷೇಪಿಸದಿದ್ದರೆ ಅದು ಒಮ್ಮತ. ಅಂದರೆ ಒಂದೇ ದೇಶದ ಆಕ್ಷೇಪ ಸಾಕು. 2014ರ ಜುಲೈನಲ್ಲಿ ಭಾರತ ಇದನ್ನೇ ಬಳಸಿ, ಗಡಿಯಲ್ಲಿ ಸರಕು ಸಾಗಣೆಯ ಕ್ರಮಗಳನ್ನು ಸರಳಗೊಳಿಸುವ ವ್ಯಾಪಾರ ಸುಗಮಗೊಳಿಸುವ ಒಪ್ಪಂದವನ್ನು ತಡೆಹಿಡಿಯಿತು. ಬೆಂಬಲ ಬೆಲೆಗೆ ಕೊಂಡು ಪಡಿತರಕ್ಕೆ ಕೂಡಿಡುವ ಧಾನ್ಯದ ಸಬ್ಸಿಡಿಯನ್ನು 1986-88ರ ದರದ ಮೇಲೆ ಲೆಕ್ಕ ಹಾಕಿ, ಉತ್ಪಾದನಾ ಮೌಲ್ಯದ ಶೇ 10ರ ಮಿತಿ ಮೀರಿದೆ ಎನ್ನುವ ನಿಯಮದಿಂದ ನಮಗೆ ರಕ್ಷಣೆ ಬೇಕಿತ್ತು. ಕಾಯಂ ಪರಿಹಾರ ಸಿಗುವವರೆಗೆ ಆ ರಕ್ಷಣೆ ಮುಂದುವರಿಯುತ್ತದೆ ಎಂಬ ಭರವಸೆ ಆ ನವೆಂಬರ್‌ನಲ್ಲಿ ಸಿಕ್ಕಿತು. ಮತದಾನವಿದ್ದಿದ್ದರೆ ಸಿಗುತ್ತಿತ್ತೇ? ಕಷ್ಟವಿತ್ತು.

ಮೇಲ್ಮನವಿ ಮಂಡಳಿಯ ವಿಷಯದಲ್ಲೂ ಇದೇ ಇಬ್ಬಂದಿ. ಮಂಡಳಿ ಮತ್ತೆ ನಡೆಯಬೇಕು ಎನ್ನುವ ದೇಶಗಳಲ್ಲಿ ಭಾರತವೂ ಒಂದು. ಆದರೆ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ಸಕ್ಕರೆ ಸಬ್ಸಿಡಿ ವ್ಯಾಜ್ಯದಲ್ಲಿ 2021ರ ಡಿಸೆಂಬರ್ 14ರಂದು ತೀರ್ಪು ನಮ್ಮ ವಿರುದ್ಧ ಬಂದಾಗ, ಭಾರತ ಮೇಲ್ಮನವಿ ಹೋಯಿತು. ಕೇಳುವ ನ್ಯಾಯಪೀಠವೇ ಇಲ್ಲದ ಕಾರಣ ಆ ತೀರ್ಪು ಜಾರಿಗೆ ಬರಲಿಲ್ಲ. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರರಿಗೆ ಕೇಂದ್ರ ನಿಗದಿ ಮಾಡುವ ಎಫ್‌ಆರ್‌ಪಿ ದರವೂ ಆ ವ್ಯಾಜ್ಯದ ಒಳಗೇ ಇದೆ. ಸುಧಾರಣೆ ಬೇಕು ಎನ್ನುವ ಪ್ರತಿ ದೇಶದ ಬಳಿಯೂ ಇಂಥ ಒಂದು ಕಡತ ಇರುತ್ತದೆ. ಹೊಸ ಮಹಾನಿರ್ದೇಶಕರು ಎಷ್ಟೇ ಸಮರ್ಥರಾದರೂ ಕೆಲಸ ಮಾಡಬೇಕಾದ್ದು ಈ ಕಡತಗಳ ನಡುವೆ.

ಒಕೊಂಜೊ-ಇವಾಲಾ ಬಂದ ಮೇಲೆ 2022ರ ಜೂನ್‌ನಲ್ಲಿ ಜಿನೀವಾ ಸಮ್ಮೇಳನ ಮೀನುಗಾರಿಕೆ ಸಬ್ಸಿಡಿ ಒಪ್ಪಂದವನ್ನು ಅಂಗೀಕರಿಸಿತು, ಮೂರನೇ ಎರಡರಷ್ಟು ಸದಸ್ಯರು ಅನುಮೋದಿಸಿದ ಮೇಲೆ 2025ರ ಸೆಪ್ಟೆಂಬರ್ 15ರಂದು ಅದು ಜಾರಿಗೆ ಬಂತು. ಮುಖ್ಯಸ್ಥರ ಹಟ ಮತ್ತು ಓಡಾಟ ಎಲ್ಲಿಯವರೆಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ. 2024ರಲ್ಲಿ ಅಬುಧಾಬಿ ಸಮ್ಮೇಳನ ಕೃಷಿಯ ಬಗ್ಗೆ ಏನನ್ನೂ ತೀರ್ಮಾನಿಸದೆ ಮುಗಿದದ್ದು ಅದರ ಮಿತಿಗೆ ಸಾಕ್ಷಿ.

ಅವರ ಎರಡನೇ ಅವಧಿಯ ನೇಮಕ ನಡೆದ ರೀತಿಯನ್ನೂ ಗಮನಿಸಬೇಕು. ಆಫ್ರಿಕನ್ ದೇಶಗಳ ಕೋರಿಕೆಯ ಮೇರೆಗೆ ಪ್ರಕ್ರಿಯೆಯನ್ನು 2024ರ ಅಕ್ಟೋಬರ್‌ನಲ್ಲೇ ಶುರು ಮಾಡಿ, ನವೆಂಬರ್ 8ಕ್ಕೆ ನಾಮನಿರ್ದೇಶನ ಮುಗಿಸಿ, ಬೇರೆ ಅಭ್ಯರ್ಥಿಯೇ ಇಲ್ಲದೆ ನವೆಂಬರ್ 29ರಂದು ಒಪ್ಪಿಗೆ ಪಡೆಯಲಾಯಿತು. ಟ್ರಂಪ್ ಮತ್ತೆ ಅಧಿಕಾರಕ್ಕೆ ಬರುವುದರೊಳಗೆ ಕೆಲಸ ಮುಗಿಯಲಿ ಎಂಬ ಲೆಕ್ಕಾಚಾರ ಎಲ್ಲರಿಗೂ ಕಾಣುತ್ತಿತ್ತು. ಕ್ಯಾಲೆಂಡರ್ ನೋಡಿ ಬೀಗ ತಪ್ಪಿಸಿಕೊಂಡರು, ಬೀಗ ಅಲ್ಲೇ ಇದೆ.

ಈ ಅವಧಿ 2029ರ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಮೂರನೆಯದಕ್ಕೆ ನಿಯಮ ಬಿಡುವುದಿಲ್ಲ. ಹಾಗಾಗಿ 2028ರ ಡಿಸೆಂಬರ್ ಹೊತ್ತಿಗೆ ಹೊಸಬರ ಹುಡುಕಾಟ ಶುರುವಾಗಬೇಕು, 2029ರ ಮೇ ಕೊನೆಗೆ ಹೆಸರು ಖಚಿತವಾಗಬೇಕು. ಒಮ್ಮತದ ತತ್ವವನ್ನೇ ಬದಲಿಸುವುದು ಅಷ್ಟರೊಳಗೆ ಆಗದ ಮಾತು, ಭಾರತವೂ ಬಿಡುವುದಿಲ್ಲ. ಆದರೆ 2002ರ ದಾಖಲೆಯಲ್ಲಿ ಮೂರು ಸಾಲು ತಿದ್ದಲು ಯಾರ ಕೃಷಿ ನೀತಿಯನ್ನೂ ಮುಟ್ಟಬೇಕಿಲ್ಲ. ಕುರ್ಚಿ ಖಾಲಿಯಾದ ದಿನವೇ ಹಿರಿಯ ಉಪ ಮಹಾನಿರ್ದೇಶಕರು ತಾನಾಗಿಯೇ ಹೊಣೆ ಹೊರಲಿ. ಕೊನೆಯ ಸುತ್ತಿನಲ್ಲಿ ಹಿಂದೆ ಬಿದ್ದವರು ಹಿಂದೆ ಸರಿಯುವುದು ಕಡ್ಡಾಯವಾಗಲಿ. ಅಧ್ಯಕ್ಷರ ಶಿಫಾರಸು ಬಂದು 30 ದಿನದಲ್ಲಿ ಒಮ್ಮತವಾಗದಿದ್ದರೆ, ಈ ಒಂದು ನೇಮಕಕ್ಕೆ ಮಾತ್ರ ಮತದಾನ ನಡೆಯುವ ಕ್ರಮವನ್ನು ಮೊದಲೇ ಬರೆದಿಡಲಿ. ಕಣದಲ್ಲಿ ಯಾರಿದ್ದಾರೆಂದು ಗೊತ್ತಾಗುವ ಮೊದಲೇ, ಅಂದರೆ 2028ರ ಒಳಗೆ, ಈ ತಿದ್ದುಪಡಿಯನ್ನು ಸಾಮಾನ್ಯ ಮಂಡಳಿಯ ಮುಂದಿಡಬೇಕು. ಅಭ್ಯರ್ಥಿಗಳ ಹೆಸರು ಬಂದ ಮೇಲೆ ಪ್ರತಿ ಸಾಲನ್ನೂ ಯಾವುದೋ ಒಂದು ದೇಶ ತನ್ನವರ ಗೆಲುವು ಸೋಲಿನ ಲೆಕ್ಕದಲ್ಲೇ ಓದುತ್ತದೆ.