ಬಿಸಿಲು ತಾಳುವ ತಾಡಪಾಲಿಗೆ ಎಂಥ ರಾಳ ಬೇಕು?

ಬಯಲಿನಲ್ಲಿ ಹೊದಿಸಿಟ್ಟ ಪ್ಲಾಸ್ಟಿಕ್ ತಾಡಪಾಲು ಒಮ್ಮೆಲೇ ಹರಿಯುವುದಿಲ್ಲ. ಮೊದಲು ಬಣ್ಣ ಮಂಕಾಗುತ್ತದೆ, ಆಮೇಲೆ ಮುಟ್ಟಿದ ಕೈಗೆ ಪುಡಿ ಹತ್ತುತ್ತದೆ, ಕೊನೆಗೆ ಎಳೆಗಳು ಉದ್ದಕ್ಕೆ ಸೀಳಿ ನಾರುನಾರಾಗಿ ಉದುರುತ್ತವೆ. ನೋಡಲು ಒಂದೇ ತರಹದ ಎರಡು ತಾಡಪಾಲುಗಳಲ್ಲಿ ಒಂದು ಆರೇ ತಿಂಗಳಿಗೆ ಈ ಗತಿ ಕಂಡರೆ, ಇನ್ನೊಂದು ಮೂರು ವರ್ಷ ಬಾಳಬಹುದು. ಎರಡರ ಮೇಲೂ ‘ಯುವಿ ಸ್ಟೆಬಿಲೈಸ್ಡ್’ (ಬಿಸಿಲಿನ ಅತಿನೇರಳೆ ಕಿರಣ ತಾಳುವಂಥದ್ದು) ಎಂದೇ ಅಚ್ಚಾಗಿರುತ್ತದೆ. ಎಷ್ಟು ಬಿಸಿಲಿಗೆ, ಎಷ್ಟು ದಪ್ಪದ ಎಳೆಗೆ ಎಂದು ಹೇಳದ ಹೊರತು ಆ ಅಚ್ಚಿಗೆ ಬೆಲೆಯಿಲ್ಲ.

ತಾಡಪಾಲಿಗೆ ಹೆಚ್ಚಾಗಿ ಬಳಸುವ ರಾಳ, ಅಂದರೆ ಮೂಲ ಪ್ಲಾಸ್ಟಿಕ್, ಪಾಲಿಥೀನ್. ಶುದ್ಧ ಪಾಲಿಥೀನ್ ಅಣು ನೆಲ ಮುಟ್ಟುವ ಅತಿನೇರಳೆ ಬಿಸಿಲನ್ನು ಹೀರಿಕೊಳ್ಳುವುದೇ ಇಲ್ಲ. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ವಾತಾವರಣ ದಾಟಿ ಬರುವುದು ಸುಮಾರು 290ರಿಂದ 400 ನ್ಯಾನೋಮೀಟರ್ ತರಂಗಾಂತರದವು ಮಾತ್ರ. ಹಾಗಿದ್ದರೂ ಪಾಲಿಥೀನ್ ಹಾಳಾಗುತ್ತದೆ, ಏಕೆಂದರೆ ಕಾರ್ಖಾನೆಯಿಂದ ಬರುವ ಪಾಲಿಥೀನ್ ಶುದ್ಧವಲ್ಲ. ತಯಾರಿಕೆಯ ವೇಗವರ್ಧಕದ ಉಳಿಕೆ, ಕರಗಿಸುವಾಗ ಆಮ್ಲಜನಕ ತಾಗಿ ಹುಟ್ಟಿದ ಕಾರ್ಬೊನಿಲ್ ಮತ್ತು ಹೈಡ್ರೊಪೆರಾಕ್ಸೈಡ್ ಗುಂಪುಗಳು ಬೆಳಕನ್ನು ಹಿಡಿಯುತ್ತವೆ. 300 ನ್ಯಾನೋಮೀಟರಿನ ಕಿರಣದ ಶಕ್ತಿ ಮೋಲ್‌ಗೆ ಸುಮಾರು 400 ಕಿಲೋಜೂಲ್. ಇಂಗಾಲ–ಇಂಗಾಲ ಬಂಧ ಮುರಿಯಲು 350ರಷ್ಟು ಸಾಕು. ಬಂಧ ಮುರಿದಾಗ ಹುಟ್ಟುವ, ಹೊಸ ಬಂಧಕ್ಕೆ ಹಾತೊರೆಯುವ ತುಣುಕಾದ ಮುಕ್ತ ರ‍್ಯಾಡಿಕಲ್ ಆಮ್ಲಜನಕದೊಂದಿಗೆ ಸೇರಿ ಮತ್ತಷ್ಟು ಪೆರಾಕ್ಸೈಡ್ ಮಾಡುತ್ತದೆ, ಅದು ಒಡೆದು ಮತ್ತಷ್ಟು ರ‍್ಯಾಡಿಕಲ್. ಹಾಗಾಗಿ ಮೊದಲ ತಿಂಗಳುಗಳಲ್ಲಿ ಏನೂ ಆಗದಂತಿದ್ದ ಬಟ್ಟೆ ಆಮೇಲೆ ಬಹುಬೇಗ ಕೈಕೊಡುತ್ತದೆ.

ತಾಡಪಾಲು, ಚೀಲಗಳನ್ನು ನೇಯುವ ಎಳೆ ಒಂದು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ, ಅದನ್ನು ಟೇಪು ಎನ್ನುತ್ತಾರೆ. ಅದಕ್ಕೆ ಈ ದಾಳಿ ಹೆಚ್ಚು ಕಠಿಣ, ಅದು ಅಷ್ಟು ತೆಳು. ಎಳೆಯ ತೂಕದ ಅಳತೆ ಡೀನಿಯರ್; 1000 ಡೀನಿಯರ್ ಎಂದರೆ 9000 ಮೀಟರ್ ಟೇಪು 1000 ಗ್ರಾಂ ತೂಗುತ್ತದೆ ಎಂದರ್ಥ. ಆ ಟೇಪು 2.5 ಮಿಲಿಮೀಟರ್ ಅಗಲವಿದ್ದರೆ ದಪ್ಪ ಸುಮಾರು 47 ಮೈಕ್ರಾನ್. ಅದೇ ಡೀನಿಯರನ್ನು 5 ಮಿಲಿಮೀಟರ್ ಅಗಲಕ್ಕೆ ಹರಡಿದರೆ 23ರ ಆಸುಪಾಸು. ತೂಕ ಒಂದೇ, ಆದರೆ ಬಿಸಿಲಿಗೆ ಒಡ್ಡಿದ ಮೈ ಎರಡು ಪಟ್ಟು. ಕೊಳ್ಳುವವರು ಚದರ ಮೀಟರಿಗೆ ಎಷ್ಟು ಗ್ರಾಂ ಎಂದಷ್ಟೇ ಕೇಳಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಬಿಸಿಲನ್ನು ಹೀರಿಕೊಂಡು ಶಾಖವಾಗಿ ಬಿಡುವ ಬೆಂಜೊಫಿನೋನ್, ಬೆಂಜೊಟ್ರಯಜೋಲ್‌ಗಳಂಥ ಹೀರುಕಗಳು ಇಲ್ಲಿ ಹೆಚ್ಚು ಕೆಲಸ ಮಾಡದಿರುವುದಕ್ಕೂ ಕಾರಣ ಇದೇ. ಬೆಳಕು ಹಾದುಹೋಗುವ ದಾರಿ ಉದ್ದವಿದ್ದಷ್ಟೂ ಅವು ಹೆಚ್ಚು ಹೀರುತ್ತವೆ. ದಪ್ಪ ನೀರಿನ ತೊಟ್ಟಿಗೆ ಅವು ಸರಿ, 30 ಮೈಕ್ರಾನಿನ ಟೇಪಿಗೆ ಸಾಲವು. ಟೇಪಿಗೆ ಒಪ್ಪುವುದು ‘ಹಾಲ್ಸ್’ ಎಂದು ಕರೆಯುವ ಹಿಂಡರ್ಡ್ ಅಮೀನ್ ಸ್ಥಿರಕಾರಿ (ಪ್ಲಾಸ್ಟಿಕ್ ಹಾಳಾಗದಂತೆ ತಡೆಯುವ ಪದಾರ್ಥ). ಅದು ಬೆಳಕಿನ ಗೊಡವೆಗೇ ಹೋಗುವುದಿಲ್ಲ. ಆಕ್ಸಿಡೀಕರಣಗೊಂಡು ನೈಟ್ರಾಕ್ಸಿಲ್ ಆಗಿ, ಹುಟ್ಟುತ್ತಿರುವ ರ‍್ಯಾಡಿಕಲ್‌ಗಳನ್ನು ಹಿಡಿದು, ಪೆರಾಕ್ಸಿ ರ‍್ಯಾಡಿಕಲ್ ಜೊತೆ ವರ್ತಿಸಿ ಮತ್ತೆ ನೈಟ್ರಾಕ್ಸಿಲ್ಲೇ ಆಗಿ ಹೊರಬರುತ್ತದೆ. ಇದೇ ಸುತ್ತು ಹಲವು ಸಲ ನಡೆಯುವುದರಿಂದ ಶೇ 0.2ರಿಂದ 0.5ರಷ್ಟು ಹಾಲ್ಸ್ ಸಾಕಾಗುತ್ತದೆ.

ಹಾಲ್ಸ್‌ನಲ್ಲೂ ಎಲ್ಲವೂ ಒಂದೇ ಅಲ್ಲ. ಅಣುತೂಕ 500ಕ್ಕಿಂತ ಕಡಿಮೆಯಿರುವವು ಟೇಪಿನೊಳಗಿನಿಂದ ಮೇಲ್ಮೈಗೆ ಸುಲಭವಾಗಿ ಸರಿದುಬಂದು, ಮಳೆಗೆ ತೊಳೆದು, ಬಿಸಿಗೆ ಹಾರಿ ಹೋಗುತ್ತವೆ. ತೆಳು ಎಳೆಯಲ್ಲಿ ಈ ಸೋರಿಕೆ ಬಹು ಬೇಗ. ಅಣುತೂಕ 2000 ದಾಟಿದ ಪಾಲಿಮರ್ ರೂಪದ ಹಾಲ್ಸ್ ನಿಂತಲ್ಲೇ ನಿಲ್ಲುತ್ತದೆ. ಮಾಸ್ಟರ್‌ಬ್ಯಾಚ್ (ಸ್ಥಿರಕಾರಿ ಅಥವಾ ಬಣ್ಣವನ್ನು ದಟ್ಟವಾಗಿ ಸೇರಿಸಿದ, ರಾಳಕ್ಕೆ ಬೆರೆಸುವ ಹರಳು) ಕೊಳ್ಳುವಾಗ ಶೇಕಡಾವಾರಿನ ಜೊತೆಗೆ ಇದನ್ನೂ ಕೇಳಿ ಬರೆಸಿಕೊಳ್ಳಬೇಕು.

ಈಗ ರಾಳದ ಮಾತು. ಟೇಪಿಗೆ ಬಳಸುವುದು ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಥೀನ್. ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುವ ಅದರ ಹರಿವಿನ ಸೂಚ್ಯಂಕ (190 ಡಿಗ್ರಿ, 2.16 ಕಿಲೋ ಭಾರದಲ್ಲಿ) 1ರ ಆಸುಪಾಸು, ಸಾಂದ್ರತೆ 0.95ರ ಸುತ್ತ. ಸೂಚ್ಯಂಕ ತೀರ ಕೆಳಗಿದ್ದರೆ ಪ್ಲಾಸ್ಟಿಕ್ ಕರಗಿಸಿ ಹೊರತಳ್ಳುವ ಎಕ್ಸ್‌ಟ್ರೂಡರ್ ಯಂತ್ರ ತಿಣುಕುತ್ತದೆ, ಒತ್ತಡ ಮತ್ತು ಶಾಖ ಏರುತ್ತವೆ; ತೀರ ಮೇಲಿದ್ದರೆ ಅಣುಸರಪಳಿ ಗಿಡ್ಡವಾಗಿ ಎಳೆ ಬಲಹೀನವಾಗುತ್ತದೆ. ಇಂಜೆಕ್ಷನ್ ಅಚ್ಚಿಗೆ ಮಾಡಿದ, ಸೂಚ್ಯಂಕ 10–20 ಇರುವ ಎಚ್‌ಡಿಪಿಇಯನ್ನು ಅಗ್ಗವೆಂದು ಬೆರೆಸಿದರೆ ಟೇಪು ಮಗ್ಗದ ಮೇಲೇ ಕಡಿಯುತ್ತದೆ. ಹಾಳೆಯನ್ನು ಸೀಳಿ ಒಲೆಯಲ್ಲಿ ಬಿಸಿಮಾಡಿ ಐದರಿಂದ ಏಳು ಪಟ್ಟು ಎಳೆದಾಗ ಅಣುಗಳು ಉದ್ದಕ್ಕೆ ಸಾಲುಗಟ್ಟುತ್ತವೆ. ಟೇಪಿನ ಬಲ ಅಲ್ಲಿಂದಲೇ ಬರುವುದು. ಅತಿಯಾಗಿ ಎಳೆದ ಟೇಪು ಹೊಸದರಲ್ಲೇ ಉದ್ದಕ್ಕೆ ಸೀಳಲು ಸಿದ್ಧವಾಗಿರುತ್ತದೆ, ಬಿಸಿಲು ಬರೀ ನೆಪ.

ಪಾಲಿಪ್ರೊಪಿಲೀನ್ ಇಲ್ಲಿ ಪ್ರತಿಸ್ಪರ್ಧಿ. ಅದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಸುಲಭವಾಗಿ ಕಳಚುವ ಹೈಡ್ರೋಜನ್ ಇರುವುದರಿಂದ, ಸ್ಥಿರಕಾರಿಯಿಲ್ಲದೆ ಬಿಸಿಲಿಗಿಟ್ಟರೆ ಪಾಲಿಥೀನಿಗಿಂತ ಬೇಗ ಹಾಳಾಗುತ್ತದೆ, ಚಳಿಯಲ್ಲಿ ಪೆಡಸಾಗುತ್ತದೆ. ಆದರೆ ಕರಗುವ ಬಿಂದು 160 ಡಿಗ್ರಿ ದಾಟುವುದರಿಂದ, ಬಿಸಿಯಾಗಿಯೇ ತುಂಬುವ ಸಿಮೆಂಟಿನಂಥ ಸರಕಿಗೆ ಅದೇ ಮೇಲು. ಭಾರ ಹೊತ್ತು ನಿಂತಾಗ ಹಿಗ್ಗುವುದೂ ಕಡಿಮೆ. ಮಡಚಿ ಬಿಚ್ಚಿ ವರ್ಷಗಟ್ಟಲೆ ಬಳಸುವ ತಾಡಪಾಲಿಗೆ ಎಚ್‌ಡಿಪಿಇಯನ್ನೇ ಆರಿಸುವುದು ಲೇಸು.

ತಾಡಪಾಲಿನಲ್ಲಿ ನೇಯ್ಗೆಯ ಎರಡೂ ಬದಿಗೆ ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಥೀನ್) ಲೇಪ ಇರುತ್ತದೆ. ನೇಯ್ಗೆಗೆ ಧಾರಾಳವಾಗಿ ಸ್ಥಿರಕಾರಿ ಹಾಕಿ ಲೇಪಕ್ಕೆ ಹಾಕದೇ ಬಿಡುವುದು ಮೇಲಿಂದ ಮೇಲೆ ಕಾಣುವ ದೋಷ. ಬಿಸಿಲನ್ನು ಮೊದಲು ಎದುರಿಸುವುದು ಲೇಪವೇ. ಅದು ಬಿರಿದರೆ ಬಟ್ಟೆ ಗಟ್ಟಿಯಿದ್ದರೂ ನೀರು ಸೋರುತ್ತದೆ. ಇದರಲ್ಲೊಂದು ಪೇಚಿದೆ. ಲೇಪ ಅಂಟಿಕೊಳ್ಳಲೆಂದೇ ಎಲ್‌ಡಿಪಿಇಯನ್ನು 300 ಡಿಗ್ರಿಯ ಹತ್ತಿರ ಕಾಯಿಸಿ ಮೈಯನ್ನು ತುಸು ಆಕ್ಸಿಡೀಕರಿಸುತ್ತಾರೆ. ಆ ಶಾಖದಲ್ಲಿ ಹಗುರ ಹಾಲ್ಸ್ ಹೊಗೆಯಾಗಿ ಹೋಗುತ್ತದೆ. ಆಕ್ಸಿಡೀಕರಣ ತಡೆಯುವ ಪದಾರ್ಥ ಹೆಚ್ಚು ಹಾಕಿದರೆ ಲೇಪ ಸಿಪ್ಪೆಯೇಳುತ್ತದೆ. ಹಾಗಾಗಿ ಲೇಪಕ್ಕೆ ಭಾರದ ಹಾಲ್ಸ್ ಇರುವ ಬೇರೆಯದೇ ಮಾಸ್ಟರ್‌ಬ್ಯಾಚ್ ಬೇಕು, ಟೇಪಿನದು ನಡೆಯದು.

ಲೆಕ್ಕ ಸರಳ, ತಪ್ಪುವುದೂ ಸರಳ. ಮಾಸ್ಟರ್‌ಬ್ಯಾಚಿನಲ್ಲಿ ಶೇ 20 ಹಾಲ್ಸ್ ಇದ್ದು, 100 ಕಿಲೋ ಮಿಶ್ರಣದಲ್ಲಿ 2 ಕಿಲೋ ಬಳಸಿದರೆ ಟೇಪಿಗೆ ಸಿಗುವುದು ಶೇ 0.4. ಶೇ 10ರ ಮಾಸ್ಟರ್‌ಬ್ಯಾಚನ್ನು ಅದೇ 2 ಕಿಲೋ ಹಾಕಿ ‘ಶೇ 2 ಯುವಿ’ ಎಂದು ಹೇಳುವವರೂ ಇದ್ದಾರೆ. ಆಗ ಸಿಗುವ ಹಾಲ್ಸ್ ಶೇ 0.2 ಮಾತ್ರ. ಹರಳುಗಳನ್ನು ಚೀಲದಿಂದ ಸುರಿದು ಸಲಿಕೆಯಲ್ಲಿ ಕಲಸಿದರೆ ಟೇಪಿನ ಒಂದೆಡೆ ಹೆಚ್ಚು, ಇನ್ನೊಂದೆಡೆ ಇಲ್ಲವೇ ಇಲ್ಲ. ತೂಗಿ ಹಾಕುವ ಫೀಡರ್ ಇರಲೇಬೇಕು, ಮಾಸ್ಟರ್‌ಬ್ಯಾಚಿನ ಹರಿವಿನ ಸೂಚ್ಯಂಕ ಮೂಲ ರಾಳಕ್ಕಿಂತ ಹೆಚ್ಚಿರಬೇಕು. ಮರುಬಳಕೆಯ ರಾಳ ಬೆರೆಸಿದರೆ ಅದರ ಜೊತೆ ಬರುವ ಕಾರ್ಬೊನಿಲ್‌ಗಳು ಮೊದಲ ದಿನದಿಂದಲೇ ಬೆಳಕು ಹಿಡಿಯಲು ಶುರುಮಾಡುತ್ತವೆ.

ಬಣ್ಣದ ವಿಷಯದಲ್ಲಿ ಕಪ್ಪಿಗೆ ಸರಿಸಾಟಿಯಿಲ್ಲ. 20 ನ್ಯಾನೋಮೀಟರ್ ಗಾತ್ರದ ಕಾರ್ಬನ್ ಬ್ಲ್ಯಾಕ್ ಶೇ 2ರಿಂದ 2.5, ಗಂಟುಕಟ್ಟದಂತೆ ಹರಡಿದರೆ ಸಾಕು. ಅದರ ಮಾಸ್ಟರ್‌ಬ್ಯಾಚ್ ತೇವ ಹೀರುವುದರಿಂದ ಒಣಗಿಸದೇ ಬಳಸಿದರೆ ಟೇಪಿನಲ್ಲಿ ಗುಳ್ಳೆ, ಗುಳ್ಳೆಯಿದ್ದಲ್ಲಿ ಕಡಿತ. ಬಿಳಿಗೆ ಲೇಪಿತ ರೂಟೈಲ್ ಟೈಟಾನಿಯಂ ಡೈಆಕ್ಸೈಡ್ ಬೇಕು. ಅದರದೇ ಇನ್ನೊಂದು ಹರಳು ರೂಪವಾದ ಅಗ್ಗದ ಅನಟೇಸ್ ಬಿಸಿಲಿನಲ್ಲಿ ತಾನೇ ರ‍್ಯಾಡಿಕಲ್ ಹುಟ್ಟಿಸುತ್ತದೆ. ಸುಣ್ಣಕಲ್ಲಿನ ಪುಡಿಯ ಫಿಲ್ಲರ್ (ತೂಕ ತುಂಬುವ ಬೆರಕೆ) ಹೆಚ್ಚಿದಷ್ಟೂ ಟೇಪಿನ ಬಲ ಇಳಿಯುತ್ತದೆ.

ಹಾಲ್ಸ್ ಕ್ಷಾರಗುಣದ್ದು, ಆಮ್ಲಕ್ಕೆ ಸೋಲುತ್ತದೆ. ಗಂಧಕ ಅಥವಾ ಕ್ಲೋರಿನ್ ಇರುವ ಕೀಟನಾಶಕ ತಾಗಿದರೆ, ಬ್ರೋಮಿನ್ ಇರುವ ಬೆಂಕಿನಿರೋಧಕ ಬೆರೆಸಿದರೆ ಅದು ನಿಷ್ಕ್ರಿಯವಾಗುತ್ತದೆ. ಇಂಥ ಕಡೆ ಕ್ಷಾರಗುಣ ಕಡಿಮೆಯಿರುವ ‘ಎನ್‌ಒಆರ್’ ಬಗೆಯ ಹಾಲ್ಸ್ ಕೇಳಬೇಕು, ದುಬಾರಿಯಾದರೂ.

ಬಾಳಿಕೆಯನ್ನು ತಿಂಗಳಿನಲ್ಲಿ ಹೇಳುವುದಕ್ಕಿಂತ ಕಿಲೋಲ್ಯಾಂಗ್ಲಿಯಲ್ಲಿ ಹೇಳಿಸಿಕೊಳ್ಳುವುದು ಮೇಲು. ಒಂದು ಕಿಲೋಲ್ಯಾಂಗ್ಲಿ ಎಂದರೆ ಚದರ ಮೀಟರಿಗೆ 41.84 ಮೆಗಾಜೂಲ್ ಬಿಸಿಲು. ಅರ್ಧ ಬಲ ಉಳಿಯುವವರೆಗೆ 200 ಕಿಲೋಲ್ಯಾಂಗ್ಲಿ ತಾಳುವ ಟೇಪು, ವರ್ಷಕ್ಕೆ 160 ಬೀಳುವ ಕಡೆ 15 ತಿಂಗಳು, 100 ಬೀಳುವ ಕಡೆ ಎರಡು ವರ್ಷ ಬಾಳುತ್ತದೆ. ಪ್ರಯೋಗಾಲಯದಲ್ಲಿ, ಜಂಬೋ ಚೀಲಗಳ ಐಎಸ್‌ಒ 21898 ಮಾನದಂಡದಂತೆ, ಯುವಿಬಿ (ಗಿಡ್ಡ ತರಂಗದ ಅತಿನೇರಳೆ) ದೀಪದ ಕೆಳಗೆ 60 ಡಿಗ್ರಿಯಲ್ಲಿ 8 ಗಂಟೆ ಬೆಳಕು, 50 ಡಿಗ್ರಿಯಲ್ಲಿ 4 ಗಂಟೆ ಇಬ್ಬನಿ, ಹೀಗೆ 200 ಗಂಟೆಯ ನಂತರ ಅರ್ಧದಷ್ಟಾದರೂ ಬಲ ಉಳಿಯಬೇಕು. ಯುವಿಬಿ ದೀಪದಲ್ಲಿ ಬಿಸಿಲಿನಲ್ಲಿಲ್ಲದ ಗಿಡ್ಡ ಕಿರಣಗಳೂ ಇರುವುದರಿಂದ ಎರಡು ರಾಳಗಳನ್ನು ಹೋಲಿಸಲು ಬಿಸಿಲಿನ ಅತಿನೇರಳೆಯನ್ನು ಹೋಲುವ ಯುವಿಎ-340 ದೀಪವೇ ನಂಬಲರ್ಹ. ಒಂದು ದೀಪದ ಗಂಟೆಗಳನ್ನು ಇನ್ನೊಂದರದಕ್ಕೆ ಹೋಲಿಸುವಂತಿಲ್ಲ.

ಇಷ್ಟೆಲ್ಲ ಸರಿಯಿದ್ದೂ ತಾಡಪಾಲು ಕಾದ ಕಬ್ಬಿಣದ ಕೊಳವೆಗೆ ಒತ್ತಿ ಕೂತ ಕಡೆ ಮೊದಲು ಹರಿಯುತ್ತದೆ, ಅಲ್ಲಿ ಬಿಸಿಲಿನ ಜೊತೆ ಶಾಖವೂ ಸೇರುತ್ತದೆ. ಕೊಳವೆಗೆ ಬಿಳಿ ಬಣ್ಣ ಬಳಿದರೆ ಆ ಶಾಖ ತಗ್ಗುತ್ತದೆ. ಚೀಲದಲ್ಲಿ ಮೊದಲು ಕೈಕೊಡುವುದು ಹೊಲಿಗೆ. ಬಟ್ಟೆಗೆ ಹಾಕಿದಷ್ಟೇ ಸ್ಥಿರಕಾರಿ ದಾರಕ್ಕೂ ಇರಬೇಕು; ಬಟ್ಟೆಯ ಪರೀಕ್ಷೆ ಮಾಡಿಸುವಾಗ ಹೊಲಿದ ಅಂಚಿನ ಒಂದು ತುಂಡನ್ನೂ ಅದೇ ದೀಪದ ಕೆಳಗಿಡಿಸಿ.