ಡಬಲ್ ಎಸ್ಕೇಪ್‌ಮೆಂಟ್

ಗ್ರ್ಯಾಂಡ್ ಪಿಯಾನೋದಲ್ಲಿ ಒತ್ತಿದ ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ಅದನ್ನು ಸಾಧ್ಯವಾಗಿಸುವ ವ್ಯವಸ್ಥೆಯೇ ಡಬಲ್ ಎಸ್ಕೇಪ್‌ಮೆಂಟ್.

ಮೊದಲು ಬರಿಯ ಎಸ್ಕೇಪ್‌ಮೆಂಟ್ ಏನೆಂದು ನೋಡೋಣ. ಕೀ ಒತ್ತಿದಾಗ ಜ್ಯಾಕ್ ಎಂಬ ಸಣ್ಣ ಮರದ ತುಂಡು ಸುತ್ತಿಗೆಯನ್ನು ಮೇಲಕ್ಕೆ ತಳ್ಳುತ್ತದೆ. ತಂತಿ ಇನ್ನು ಒಂದೆರಡು ಮಿಲಿಮೀಟರ್ ದೂರವಿದೆ ಎನ್ನುವಾಗ ಜ್ಯಾಕ್ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಉಳಿದ ದಾರಿಯನ್ನು ಸುತ್ತಿಗೆ ತನ್ನ ವೇಗದಲ್ಲೇ ಕ್ರಮಿಸಿ, ಬಡಿದು, ಹಿಂದೆ ಬೀಳುತ್ತದೆ. ಜ್ಯಾಕ್ ಜಾರದಿದ್ದರೆ ಸುತ್ತಿಗೆ ತಂತಿಗೆ ಒತ್ತಿಕೊಂಡು ನಾದ ಹುಟ್ಟಿದಲ್ಲೇ ಅಡಗುತ್ತಿತ್ತು. 18ನೇ ಶತಮಾನದ ಆರಂಭದಲ್ಲಿ ಪಿಯಾನೋದ ಜನಕ, ಇಟಲಿಯ ಕ್ರಿಸ್ತೊಫೊರಿ ಕಟ್ಟಿದ ಪಿಯಾನೋಗಳಲ್ಲೇ ಈ ಉಪಾಯವಿತ್ತು.

ತೊಡಕು ಇರುವುದು ಎರಡನೇ ಹೊಡೆತದಲ್ಲಿ. ಜಾರಿದ ಜ್ಯಾಕ್ ಮತ್ತೆ ಸುತ್ತಿಗೆಯಡಿ ಸೇರಬೇಕಾದರೆ ಕೀ ಬಹುಪಾಲು ಮೇಲೇಳಲೇಬೇಕು. ಅವಸರದ ಬೆರಳು ಅಷ್ಟು ಕಾಯುವುದಿಲ್ಲ. ಒತ್ತಿದರೂ ಸ್ವರ ಬರುವುದಿಲ್ಲ.

ಪ್ಯಾರಿಸ್‌ನ ಪಿಯಾನೋ ತಯಾರಕ ಸೆಬಾಸ್ಟಿಯನ್ ಎರಾರ್ ಇದಕ್ಕೆ ಕಂಡುಕೊಂಡ ಪರಿಹಾರಕ್ಕೆ 1821ರಲ್ಲಿ ಲಂಡನ್‌ನಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ರೂಪದಲ್ಲಿ ಅದು ಕೆಲಸ ಮಾಡುವುದು ಹೀಗೆ: ಬಡಿದು ಮರಳುವ ಸುತ್ತಿಗೆಯನ್ನು ಕೀಯ ಹಿಂತುದಿಯಲ್ಲಿರುವ ಬ್ಯಾಕ್‌ಚೆಕ್ ಎಂಬ ತಡೆ ನಡುದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಬೆರಳು ಚೂರು ಸಡಿಲವಾದರೆ ಆ ಹಿಡಿತ ಬಿಡುತ್ತದೆ. ಆಗ ಸ್ಪ್ರಿಂಗ್ ಇರುವ ರಿಪಿಟಿಷನ್ ಲಿವರ್ ಸುತ್ತಿಗೆಯನ್ನು ತುಸು ಎತ್ತಿ ಹಿಡಿಯುತ್ತದೆ, ಜ್ಯಾಕ್ ಅದರಡಿ ನುಸುಳಿ ಸಿದ್ಧವಾಗುತ್ತದೆ. ವೇಗದಷ್ಟೇ ಮುಖ್ಯವಾದ ಇನ್ನೊಂದು ಲಾಭವನ್ನು ಹಲವರು ಗಮನಿಸುವುದಿಲ್ಲ: ನಾದ ಅಡಗಿಸುವ ಮೆತ್ತೆಯಾದ ಡ್ಯಾಂಪರ್ ತಂತಿಯ ಮೇಲೆ ಕೂರುವಷ್ಟು ಕೀ ಮೇಲೇಳಬೇಕಿಲ್ಲವಾದ್ದರಿಂದ, ಪೆಡಲ್ ಇಲ್ಲದೆಯೂ ಸ್ವರಗಳ ನಡುವೆ ನಾದ ಕಡಿಯದಂತೆ ನುಡಿಸಬಹುದು.

ಅಪ್‌ರೈಟ್ ಪಿಯಾನೋದ ಸುತ್ತಿಗೆ ನಿಂತ ತಂತಿಗೆ ಎದುರಿನಿಂದ ಬಡಿಯುತ್ತದೆ. ಅದನ್ನು ಹಿಂದಕ್ಕೆ ತರಲು ಗುರುತ್ವದ ನೆರವು ಕಡಿಮೆ. ಸ್ಪ್ರಿಂಗು, ಪಟ್ಟಿಗಳೇ ಗತಿ. ರಿಪಿಟಿಷನ್ ಲಿವರ್ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಬೆರಳು ಕೀಯನ್ನು ಹೆಚ್ಚು ಮೇಲಕ್ಕೆ ಬಿಡಬೇಕು. ಡಿಜಿಟಲ್ ಪಿಯಾನೋದಲ್ಲಿ ಜ್ಯಾಕ್ ಇಲ್ಲದಿದ್ದರೂ ಪ್ರಶ್ನೆ ಅದೇ: ಎಷ್ಟು ಎತ್ತಿದರೆ ಮತ್ತೆ ಹೊಡೆಯಬಹುದು? ಕೆಲವು ಮಾದರಿಗಳಲ್ಲಿ ಕೀಯಡಿ ಮೂರನೇ ಸೆನ್ಸರ್ ಇಡುವುದು ಇದಕ್ಕೇ.

ಆದರೂ ಗ್ರ್ಯಾಂಡ್ ಎಂದ ಮಾತ್ರಕ್ಕೆ ಚುರುಕು ಎಂದೇನಲ್ಲ. ಹದ ತಪ್ಪಿದ ಗ್ರ್ಯಾಂಡಿಗಿಂತ ಹದವಾಗಿರುವ ಅಪ್‌ರೈಟೇ ವಾಸಿ. ಗ್ರ್ಯಾಂಡಿನ ಹದ ಪರೀಕ್ಷಿಸಲು ಕೀಯನ್ನು ಬಲವಾಗಿ ಒತ್ತಿ, ಆಮೇಲೆ ನಿಧಾನವಾಗಿ ಸಡಿಲಿಸಿ ಸುತ್ತಿಗೆಯನ್ನು ನೋಡುತ್ತಾರೆ. ಅದು ಮೆಲ್ಲಗೆ ಮೇಲೇರಿದರೆ ಸರಿ. ಅಲುಗದಿದ್ದರೆ ಸ್ಪ್ರಿಂಗ್ ಸಡಿಲ. ಚಂಗನೆ ನೆಗೆದು ಕೀಗೆ ಒದೆತ ಕೊಟ್ಟರೆ ಅತಿ ಬಿಗಿ.